ಎರೆಮಣ್ಣಿಗೆ ಒಣ ಜರಡಿ ಸಾಲದು
ಜರಡಿಗಳ ಸಾಲನ್ನು ಯಂತ್ರದಲ್ಲಿಟ್ಟು ಹತ್ತು ನಿಮಿಷ ಅಲುಗಾಡಿಸಿದರೆ ಮಣ್ಣಿನ ಕಣಗಾತ್ರ ತಿಳಿಯುತ್ತದೆ ಎಂದು ಮಣ್ಣು ಪರೀಕ್ಷೆಯ ಕುರಿತ ಲೇಖನವೊಂದರಲ್ಲಿ ಹೇಳಿರುವುದು ಮರಳಿನ ಮಟ್ಟಿಗೆ ಸರಿ. ಆದರೆ ಧಾರವಾಡ, ವಿಜಯಪುರ ಕಡೆಯ ಎರೆಮಣ್ಣಿಗೆ ಅದು ಸಾಲದು. ಒಣಗಿದ ಎರೆಮಣ್ಣಿನ ಪುಟ್ಟ ಹೆಂಟೆಗಳು 425 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಜರಡಿಯ ಮೇಲೆ ಗಟ್ಟಿಯಾಗಿ ಉಳಿದು ಮರಳಿನ ಲೆಕ್ಕಕ್ಕೆ ಸೇರಿಬಿಡುತ್ತವೆ. ಅದೇ ಮಣ್ಣನ್ನು ನೆನೆಹಾಕಿ, 75 ಮೈಕ್ರಾನ್ ಜರಡಿಯಲ್ಲಿ ಕೆಳಗಿಳಿಯುವ ನೀರು ತಿಳಿಯಾಗುವವರೆಗೆ ತೊಳೆದರೆ ಹೆಚ್ಚಿನ ಪಾಲು ಇಳಿದುಹೋಗುತ್ತದೆ.

ಹಾಗೆ ಇಳಿದದ್ದನ್ನು ಅಳೆಯಲು, ಮಣ್ಣು ಕದಡಿದ ನೀರಿನಲ್ಲಿ ತೇಲಿ ಅದರ ಸಾಂದ್ರತೆ ತೋರಿಸುವ ಹೈಡ್ರೋಮೀಟರ್ ಬೇಕು. ಕಣಗಾತ್ರ ಪರೀಕ್ಷೆಗೆಂದಿರುವ ಭಾರತೀಯ ಮಾನಕ 2720ರ 4ನೇ ಭಾಗವು, ಮಣ್ಣಿಗೆ ಬೆರೆಸುವ ಕಣ ಬಿಡಿಸುವ ದ್ರಾವಣದ ಒಂದು ಲೀಟರ್‌ಗೆ 33 ಗ್ರಾಂ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಮತ್ತು 7 ಗ್ರಾಂ ಸೋಡಿಯಂ ಕಾರ್ಬೊನೇಟ್ ಸೂಚಿಸಿರುವುದು ಕಣಗಳು ಒಂದಕ್ಕೊಂದು ಅಂಟದಿರಲೆಂದೇ. ಇದನ್ನು ಬಿಟ್ಟರೆ ಮಣ್ಣು ಜಾಡಿಯಲ್ಲಿ ಗುಂಪುಗೂಡಿ ಬೇಗನೆ ತಳ ಸೇರುತ್ತದೆ, ಜೇಡಿಯ ಪ್ರಮಾಣ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. (ಅವಸರದ ವರದಿಗಳಲ್ಲಿ ಮೊದಲು ಕೈಬಿಡುವುದು ಈ ಹಂತವನ್ನೇ.) ಇನ್ನೊಂದು ಮಾತು: ಕಣ ಇಳಿಯುವ ವೇಗದಿಂದ ಅದರ ಗಾತ್ರ ಲೆಕ್ಕಹಾಕಲು ಇಲ್ಲಿ ಬಳಸುವ ಸ್ಟೋಕ್ಸ್ ನಿಯಮ ಗೋಳಾಕಾರದ ಕಣಗಳಿಗೆ ಅನ್ವಯಿಸುವಂಥದ್ದು, ಜೇಡಿಯ ಕಣಗಳಾದರೋ ಚಪ್ಪಟೆ. ಆದ್ದರಿಂದ ಕಣಗಾತ್ರದ ನಕ್ಷೆಯಲ್ಲಿ 2 ಮೈಕ್ರಾನ್ ಎಂದು ಗುರುತಿಸುವುದು ಅಷ್ಟೇ ವೇಗದಲ್ಲಿ ಇಳಿಯುವ ಗೋಳದ ವ್ಯಾಸವನ್ನೇ ಹೊರತು ಕಣದ ನಿಜವಾದ ಅಳತೆಯನ್ನಲ್ಲ.