ವಿಳಾಸವಿಲ್ಲದ ನೆಂಟ

ರಾಮನಗರದ ರಾಮದೇವರ ಬೆಟ್ಟ ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಬಲಮಂಡಿ ಹಿಡಿದುಕೊಂಡಿತು. ವೈದ್ಯರು 50 ಮಿಲಿಗ್ರಾಂನ ಡೈಕ್ಲೋಫೆನಾಕ್ ಬರೆದುಕೊಟ್ಟರು, ಜೊತೆಗೆ ಒಂದು ಗ್ಯಾಸ್ ಮಾತ್ರೆ. ನೋವು ಮಂಡಿಯದ್ದು, ಹೊಟ್ಟೆಗೇಕೆ ಮಾತ್ರೆ ಎಂದು ಔಷಧಿ ಅಂಗಡಿಯವನನ್ನು ಕೇಳಿದೆ. "ಅದು ಇದರ ಜೋಡಿ ಸಾರ್" ಎಂದ, ಇಡ್ಲಿಗೆ ಚಟ್ನಿ ಬಡಿಸುವವನ ಧಾಟಿಯಲ್ಲಿ.

ಮಾತ್ರೆ ನುಂಗಿ, ಮಂಡಿಯ ಮೇಲೆ ಕೈಯಿಟ್ಟುಕೊಂಡು, ಬಸ್ ನಿಲ್ದಾಣದಲ್ಲಿ ನೆಂಟನಿಗೆ ಕಾಯುವವನಂತೆ ಕುಳಿತೆ. ಪಾಪ, ಈ ನೆಂಟನ ಕೈಯಲ್ಲಿ ವಿಳಾಸದ ಚೀಟಿಯೇ ಇರುವುದಿಲ್ಲ. ಕರುಳಿನಿಂದ ರಕ್ತಕ್ಕಿಳಿದವನು ಕಿವಿ, ಹಿಮ್ಮಡಿ, ಕಿರುಬೆರಳು ಎಲ್ಲ ಸುತ್ತುತ್ತಾನೆ. ಹೋದಲ್ಲೆಲ್ಲ ಮಾಡುವುದು ಒಂದೇ ಕೆಲಸ: ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕಾಕ್ಸ್ ಎಂಬ ಕಿಣ್ವದ ಕೈ ಕಟ್ಟುವುದು. ಊದಿದ ಮಂಡಿಯಲ್ಲಿ ನೋವನ್ನು ಕೆರಳಿಸುವುದು ಪ್ರೋಸ್ಟಾಗ್ಲಾಂಡಿನ್, ನಿಜ. ಜಠರದಲ್ಲಿ ಮಾತ್ರ ಅದು ಮರ್ಯಾದಸ್ಥ. ಒಳಗೋಡೆಗೆ ಲೋಳೆಯ ಹೊದಿಕೆ ಹೊದಿಸಿ ಆಮ್ಲದಿಂದ ಕಾಪಾಡುತ್ತದೆ. ಮೂತ್ರಪಿಂಡಕ್ಕೆ ರಕ್ತ ಸರಾಗವಾಗಿ ಹರಿಯುವುದಕ್ಕೂ ಅದರ ನೆರವು ಬೇಕು. ನಮ್ಮ ನೆಂಟನಿಗೆ ಈ ಭೇದವೆಲ್ಲ ತಿಳಿಯದು. ಜಠರದಲ್ಲಿ ಕರಗದಿರಲೆಂದು ಮಾತ್ರೆಗೆ ಲೇಪನ ಬಳಿದು ಕಳುಹಿಸಿದರೂ, ರಕ್ತದ ದಾರಿ ಹಿಡಿದು ಹಿತ್ತಲ ಬಾಗಿಲಿನಿಂದ ಅಲ್ಲಿಗೇ ಬರುತ್ತಾನೆ. ಅಂಗಡಿಯವನ ಜೋಡಿಯ ಅರ್ಥ ಆಗ ಹೊಳೆಯಿತು.

ಯಕೃತ್ತು ಅವನನ್ನು ಬೇಗ ಸಾಗಹಾಕುತ್ತದೆ. ಒಂದೆರಡು ಗಂಟೆಯಲ್ಲಿ ರಕ್ತದೊಳಗಿನ ಮದ್ದು ಅರ್ಧಕ್ಕಿಳಿಯುತ್ತದೆ. ಆದರೂ ಬೆಳಗಿನ ಮಾತ್ರೆಯ ಸುಖ ಬಹಳ ಹೊತ್ತು ಉಳಿಯುವುದೇಕೆಂದರೆ, ಕೀಲಿನ ದ್ರವದೊಳಕ್ಕೆ ಅವನು ತಡವಾಗಿ ಹೋಗುತ್ತಾನೆ, ಅಲ್ಲಿಂದ ಏಳುವುದೂ ತಡವೇ. ಊಟವಾದ ಮೇಲೂ ಜಗಲಿ ಬಿಡದ ನೆಂಟರನ್ನು ಮೆಚ್ಚಿದ್ದು ಇದೇ ಮೊದಲು.

ಎಲ್ಲರ ಮನೆಯಲ್ಲೂ ಅವನ ವಾಸ ಹೀಗೆ ಸುಸೂತ್ರವಾಗಿರುವುದಿಲ್ಲ. ನೋವಿಗೆಂದು ದನಗಳಿಗೂ ಡೈಕ್ಲೋಫೆನಾಕ್ ಕೊಡುತ್ತಿದ್ದ ಕಾಲವೊಂದಿತ್ತು. ಮದ್ದು ಪಡೆದು ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೈಕೊಟ್ಟು, ಯೂರಿಕ್ ಆಮ್ಲ ಬಿಳಿ ಸುಣ್ಣದಂತೆ ಒಳಗಿನ ಅಂಗಗಳ ಮೇಲೆಲ್ಲ ಕೂರುತ್ತಿತ್ತು. ಕಾರಣ ಇದೇ ಎಂದು 2004ರಲ್ಲಿ ಖಚಿತವಾಯಿತು, 2006ರಲ್ಲಿ ಭಾರತ ಪಶುಗಳಿಗೆ ಈ ಔಷಧವನ್ನು ನಿಷೇಧಿಸಿತು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ಒಂದೂ ಉಳಿದಿರಲಿಲ್ಲ. ಉದ್ದಕೊಕ್ಕಿನವು ಕೆಲವು ರಾಮದೇವರ ಬೆಟ್ಟದ ಬಂಡೆಗಳನ್ನು ನೆಚ್ಚಿಕೊಂಡವು. ಇಂದು ಅದು ರಣಹದ್ದುಗಳ ಧಾಮ.

ನಾನು ಬೆಟ್ಟ ಹತ್ತಿದ್ದು ಅವುಗಳನ್ನು ನೋಡಲೆಂದೇ. ಒಂದು ಗಂಟೆ ಕತ್ತೆತ್ತಿ ಕುಳಿತರೂ ಕಂಡದ್ದು ನಮ್ಮ ಬೀದಿಯಲ್ಲೂ ಹಾರುವ ಮಾಮೂಲಿ ಹದ್ದು. ಮಂಡಿಯ ಜೊತೆಗೆ ಕತ್ತೂ ಹಿಡಿದುಕೊಂಡಿತ್ತು. ಅದನ್ನು ವೈದ್ಯರಿಗೆ ಹೇಳಲು ಮರೆತೆ. ಬೇರೆ ಮಾತ್ರೆಯೇನೂ ಬೇಕಾಗಲಿಲ್ಲ. ಮಂಡಿಗೆಂದು ಕಳುಹಿಸಿದವನು ಅಲ್ಲಿಗೂ ಹೋಗಿಬಂದಿದ್ದ.