ಒಂದು ನಿಮಿಷವೂ ಮಲಗಲಿಲ್ಲ ಅನ್ನುವವರಿಗೆ

ನಮ್ಮ ಶಿವಮೊಗ್ಗದಲ್ಲಿ ಸೈಕಲ್ ಹುಚ್ಚು ಹತ್ತಿಸಿಕೊಂಡ ಹುಡುಗ ಹುಡುಗಿಯರು ಈಗ ಬೇಕಾದಷ್ಟಿದ್ದಾರೆ. ದಿನಾ ಬೆಳಗ್ಗೆ ಗಾಜನೂರು, ಭಾನುವಾರ ತೀರ್ಥಹಳ್ಳಿ, ಆಮೇಲೆ ಜೋಗಕ್ಕೆ ಹೋಗಿ ಬಂದು ಸುಮಾರು 200 ಕಿಲೋಮೀಟರ್. ನೋಡಿದರೆ ಖುಷಿಯಾಗುತ್ತದೆ. ಆದರೆ ಒಂದು ಮಾತು ಮಾತ್ರ ಜಾಸ್ತಿ ಕೇಳಿಬರುತ್ತಿದೆ. "ಅಣ್ಣ, 400 ಕಿಲೋಮೀಟರ್ ಮುಗಿಸಿದೆ, ಒಂದು ನಿಮಿಷವೂ ಮಲಗಲಿಲ್ಲ." ಇದಕ್ಕೆ ಶಭಾಷ್ ಅನ್ನಲು ನನಗೆ ಬಾಯಿ ಬರುವುದಿಲ್ಲ.

ನನ್ನ ಮೊದಲ 400 ಕಿಲೋಮೀಟರ್ ಬ್ರೆವೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಯ ಕತೆ ಹೇಳುತ್ತೇನೆ. ಅದಕ್ಕೆ 27 ಗಂಟೆ ಸಮಯ. ಬೆಳಗ್ಗೆ ಆರಕ್ಕೆ ಹೊರಟಿದ್ದೆ, ಮಾರನೇ ದಿನ ಒಂಬತ್ತರೊಳಗೆ ಮುಟ್ಟಿದರೆ ಸಾಕು. ನಸುಕಿನ ನಾಲ್ಕು ಗಂಟೆಗೆ ತೀರ್ಥಹಳ್ಳಿ ದಾಟಿ ಮಂಡಗದ್ದೆ ಕಡೆ ಬರುತ್ತಿದ್ದೆ. ಉಳಿದಿದ್ದು ಬರೀ ಮೂವತ್ತೈದು ಕಿಲೋಮೀಟರ್, ಕೈಯಲ್ಲಿ ಐದು ಗಂಟೆ. ಆದರೂ ನಿಲ್ಲಲಿಲ್ಲ. ಮಲಗದೆ ಮುಗಿಸಬೇಕು ಅಂತ ಹಟ.

ಕಾವಳ ಕವಿದಿತ್ತು. ದೀಪದ ಬೆಳಕು ಹತ್ತಡಿ ಆಚೆಗೆ ಹೋಗುತ್ತಿರಲಿಲ್ಲ. ರಸ್ತೆ ಪಕ್ಕ ಯಾರೋ ಕಂಬಳಿ ಹೊದ್ದು ಕುಳಿತಿದ್ದಾರೆ ಅನ್ನಿಸಿತು. ಹತ್ತಿರ ಹೋದರೆ ಮೈಲಿಗಲ್ಲು. ಮುಂದಿನದು ನೆನಪಿಲ್ಲ. ಗಡಗಡ ಸದ್ದಿಗೆ ಎಚ್ಚರವಾದಾಗ ಮುಂದಿನ ಚಕ್ರ ಡಾಂಬರು ಬಿಟ್ಟು ಜಲ್ಲಿಯ ಮೇಲಿತ್ತು. ಎಡಗಡೆ ಚರಂಡಿ. ಬ್ರೇಕ್ ಹಿಡಿದ ಬೆರಳು ಬಿಡಿಸಲೂ ಆಗದಷ್ಟು ನಡುಗುತ್ತಿದ್ದವು. ಆಗಲೇ ಹಿಂದಿನಿಂದ ಒಂದು ಲಾರಿ ಹಾದುಹೋಯಿತು. ನಾನು ಎಡಕ್ಕೆ ವಾಲಿದ್ದೆ. ಬಲಕ್ಕೆ ವಾಲಿದ್ದರೆ?

17 ಗಂಟೆ ಎಚ್ಚರವಿದ್ದವರ ಕೈಕಣ್ಣಿನ ಹಿಡಿತ ರಕ್ತದಲ್ಲಿ ಶೇ. 0.05 ಮದ್ಯ ಇದ್ದವರಷ್ಟೇ ಕೆಡುತ್ತದೆ ಅಂತ 1997ರಲ್ಲೇ ಆಸ್ಟ್ರೇಲಿಯಾದ ಸಂಶೋಧಕರು ಅಳೆದು ತೋರಿಸಿದ್ದಾರೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಮಿತಿ ಶೇ. 0.03. ನಾನಂತೂ ಅವತ್ತು 22 ಗಂಟೆ ಮೀರಿದ್ದೆ. ಕುಡಿದು ಸೈಕಲ್ ಹತ್ತು ಅಂದರೆ ನಾವು ಯಾರೂ ಹತ್ತುವುದಿಲ್ಲ, ಅಲ್ವಾ?

ಮುಂದೆ ಸಿಕ್ಕ ಬಸ್ ತಂಗುದಾಣದಲ್ಲಿ ನಿಂತೆ. ಡೈರಿ ಗಾಡಿಗೆ ಕಾಯುತ್ತಾ ಹಾಲಿನ ಕ್ಯಾನ್ ಇಟ್ಟುಕೊಂಡು ಒಬ್ಬ ಅಜ್ಜ ಕೂತಿದ್ದರು. "ಅಜ್ಜಾ, ಅರ್ಧ ಗಂಟೆ ಬಿಟ್ಟು ಎಬ್ಬಿಸ್ತೀರಾ?" ಅಂದೆ. "ಮಲಗು ಮಾರಾಯ, ನಾ ಎಲ್ಲೂ ಹೋಗಲ್ಲ" ಅಂದರು. ಸಿಮೆಂಟಿನ ಕಟ್ಟೆ ಕೊರೆಯುತ್ತಿತ್ತು, ತಲೆಗೆ ಹೆಲ್ಮೆಟ್ಟೇ ದಿಂಬು. ಅಷ್ಟು ಒಳ್ಳೆ ನಿದ್ದೆ ಮನೆ ಹಾಸಿಗೆಯಲ್ಲೂ ಬಂದಿಲ್ಲ. ಅವರು ಎಬ್ಬಿಸಿದಾಗ ರಸ್ತೆ ರಸ್ತೆಯಾಗಿ ಕಂಡಿತು. ಏಳೂವರೆಗೆ ಶಿವಮೊಗ್ಗ ಮುಟ್ಟಿದೆ. ಇನ್ನೂ ಒಂದೂವರೆ ಗಂಟೆ ಉಳಿದಿತ್ತು.

ತಯಾರಿ ಅಂದರೆ ಎಲ್ಲರೂ ಸೈಕಲ್ ಎಷ್ಟು ಹಗುರ, ಗೇರ್ ಎಷ್ಟು ಅಂತ ಕೇಳುತ್ತಾರೆ. ಪ್ಯಾಡ್ ಇರುವ ಚಡ್ಡಿ, ಉಜ್ಜುವ ಜಾಗಕ್ಕೆ ವ್ಯಾಸಲಿನ್, ಹಸಿವಾಗುವ ಮೊದಲೇ ಬಾಳೆಹಣ್ಣು, ಇದೆಲ್ಲ ನಾಲ್ಕು ಸಲ ಹೋದರೆ ತಾನಾಗಿ ಗೊತ್ತಾಗುತ್ತದೆ. ನಿದ್ದೆಯನ್ನು ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ. 600 ಕಿಲೋಮೀಟರ್ ಬ್ರೆವೆಗೆ 40 ಗಂಟೆ. ನಮ್ಮ ಏರಿಳಿತದಲ್ಲಿ ಗಂಟೆಗೆ 18ರಂತೆ ತುಳಿದರೂ 34 ಗಂಟೆ ಸಾಕು. ಊಟ, ಕಾಫಿ, ಪಂಕ್ಚರ್ ಕಳೆದರೂ ಎರಡು ಗಂಟೆ ನಿದ್ದೆಗೆ ಜಾಗ ಇದ್ದೇ ಇದೆ. ಫ್ರಾನ್ಸಿನ ದೊಡ್ಡ ಬ್ರೆವೆ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ನ 1,200 ಕಿಲೋಮೀಟರ್ ದಾರಿಯಲ್ಲೂ ನಿಲ್ದಾಣಗಳಲ್ಲಿ ಮಂಚ ಹಾಕಿರುತ್ತಾರೆ. ಎಷ್ಟು ಗಂಟೆಗೆ ಎಬ್ಬಿಸಬೇಕು ಅಂತ ಹೇಳಿ ಮಲಗಿದರೆ ಸ್ವಯಂಸೇವಕರು ಬಂದು ಎಬ್ಬಿಸುತ್ತಾರೆ. ಆ ದಾರಿ ಕಂಡವರಿಗೇ ನಿದ್ದೆ ಬೇಕು.

ಇನ್ನೊಂದು, ನನಗೆ ತುಂಬಾ ಕೆಲಸಕ್ಕೆ ಬಂದಿದ್ದು. ಕಾಫಿ ಕುಡಿದ ತಕ್ಷಣ ಮಲಗಿ, ಇಪ್ಪತ್ತು ನಿಮಿಷ ಅಷ್ಟೇ. ಕಾಫಿ ಮೈಗೆ ಹತ್ತುವುದಕ್ಕೂ ಅಷ್ಟು ಹೊತ್ತು ಬೇಕು, ಏಳುವಾಗ ಎರಡೂ ಸೇರಿ ಎಚ್ಚರ ಕೊಡುತ್ತವೆ. ಮಲಗುವ ಮೊದಲು ಜರ್ಕಿನ್ ಹಾಕಿಕೊಳ್ಳಿ, ಬೆವರಿದ ಮೈ ಬೇಗ ತಣ್ಣಗಾಗುತ್ತದೆ. ರಸ್ತೆ ಬದಿಯಲ್ಲಿ ಮಾತ್ರ ಬೇಡವೇ ಬೇಡ.

ಈ ಚಳಿಗಾಲದಲ್ಲಿ 600ಕ್ಕೆ ಹೊರಡುವವರು ಎಲ್ಲಿ ಮಲಗುತ್ತೀರಿ ಅಂತ ಮೊದಲೇ ನಿರ್ಧರಿಸಿ. ಒಬ್ಬರೇ ಇದ್ದರೆ, ಎಬ್ಬಿಸುವವರು ಯಾರೂ ಇಲ್ಲದಿದ್ದರೆ, ಸುಮ್ನೆ ನನಗೊಂದು ಮೆಸೇಜ್ ಹಾಕಿ ಮಲಗಿ. ರಾತ್ರಿ ಮೂರಾದರೂ ಸರಿ, ಫೋನ್ ಮಾಡಿ ಎಬ್ಬಿಸುತ್ತೇನೆ.