ಹಕ್ಕಿಯಿಂದ ಬಂದ ಹಕ್ಕು

2024ರ ಏಪ್ರಿಲ್. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮಧ್ಯಾಹ್ನ ಒಂದು ಗಂಟೆ. ಮೈಕ್ ಕಟ್ಟಿಕೊಂಡ ಆಟೋ ಒಂದು ಬಂತು. ‘ಸಾರ್ವಜನಿಕರು ಮಧ್ಯಾಹ್ನ 12ರಿಂದ 3ರವರೆಗೆ ಮನೆಯಿಂದ ಹೊರಗೆ ಬರಬಾರದು!’ ಒಂದು ಗಂಟೆಗೆ ಹೊರಗೆ ಬಂದು ಇದನ್ನು ಕೇಳಿಸುತ್ತಿದ್ದ ಡ್ರೈವರನ ಅಂಗಿ ಬೆವರಿಗೆ ತೊಯ್ದು ಹೋಗಿತ್ತು.

ಹರಿದ ಛತ್ರಿ ಕೆಳಗೆ ಕೊತ್ತಂಬರಿ ಮಾರುವ ಅಜ್ಜಿಯನ್ನು ಕೇಳಿದೆ. ‘ಯವ್ವಾ, ಹೊರಗ ಬರಬ್ಯಾಡ್ರಿ ಅನ್ನಾಕತ್ತಾರ, ಕೇಳಿದ್ರಿಲ್ಲೋ?’

‘ನಾ ಎಲ್ಲಿ ಹೊರಗ ಬಂದೀನಿ ತಮ್ಮಾ? ಹೊರಗ ಇರಾಕೀನ ನಾ. ಮನಿಗೆ ತಗಡ ಹೊಚ್ಚೀವಿ. ಈಗ ಒಳಗ ಹೋದ್ರ ಹಂಚಿನ ಮ್ಯಾಲಿನ ರೊಟ್ಟಿ ಆಕ್ಕೀನಿ.’

ಮೈಕ್ ನಿಲ್ಲಲಿಲ್ಲ. ಸಡಿಲವಾದ ಹತ್ತಿ ಬಟ್ಟೆ ಹಾಕಿ. ನೆರಳಲ್ಲಿರಿ. ನೀರು ಜಾಸ್ತಿ ಕುಡಿಯಿರಿ, ಮಜ್ಜಿಗೆ, ನಿಂಬೆ ಪಾನಕ ಕುಡಿಯಿರಿ. ನಮ್ಮ ಓಣಿಗೆ ನಳ ಬಂದು ಆರು ದಿನ ಆಗಿತ್ತು. ಮಜ್ಜಿಗೆಗೂ ನೀರು ಬೇಕು, ಅಲ್ವಾ?

ಸುಮ್ನೆ ದೂರಬಾರದು. ಅಜ್ಜಿಗೆ ಹಕ್ಕು ಕೂಡ ಬಂದಿದೆ. ಆ ವರ್ಷ ಮಾರ್ಚ್ 21ರಂದೇ ಸುಪ್ರೀಂ ಕೋರ್ಟ್ ಹೇಳಿತ್ತು: ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಪಾರಾಗುವುದು ಸಂವಿಧಾನದ 14 ಮತ್ತು 21ನೇ ವಿಧಿಗಳ ಪ್ರಕಾರ ನಮ್ಮ ಹಕ್ಕು. ಆದರೆ ಕೋರ್ಟಿನಲ್ಲಿದ್ದದ್ದು ಅಜ್ಜಿಯ ಕೇಸಲ್ಲ, ಹಕ್ಕಿಯ ಕೇಸು! ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ದೊಡ್ಡ ಹಕ್ಕಿ. ಹಿಂದೆ ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲೂ ಕಾಣುತ್ತಿತ್ತು. ರಾಜಸ್ಥಾನ, ಗುಜರಾತಿನಲ್ಲಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತಿತ್ತು. ತಂತಿಗಳನ್ನು ನೆಲದಡಿ ಹಾಕಿ ಎಂದು 2021ರಲ್ಲಿ ಆದೇಶವಾಗಿತ್ತು. ಹವಾಮಾನ ಬದಲಾವಣೆ ತಡೆಯಲು ಸೋಲಾರ್ ಕರೆಂಟು ಸಾಗಬೇಕಲ್ಲ, 2024ರಲ್ಲಿ ಅದನ್ನೇ ಸಡಿಲಿಸಿ ತಜ್ಞರ ಸಮಿತಿಗೆ ಕೊಟ್ಟರು. ಹೀಗಾಗಿ ಹಕ್ಕಿಗೆ ಸಮಿತಿ ಸಿಕ್ಕಿತು, ಅಜ್ಜಿಗೆ ಹಕ್ಕು ಸಿಕ್ಕಿತು. ಇಬ್ಬರಿಗೂ ನೆರಳು ಸಿಕ್ಕಿದ್ದು ಮಾತ್ರ ಕಾಣೆ.

ಬಿಸಿಲು ಬಡಿದು ಏನಾದರೂ ಆದರೆ? ವಿಪತ್ತು ಪರಿಹಾರ ನಿಧಿಗೆಂದು ಕೇಂದ್ರ ಸರ್ಕಾರ ಮಾಡಿದ ಪಟ್ಟಿಯಲ್ಲಿ ಆಗ 12 ವಿಪತ್ತುಗಳಿದ್ದವು. ಶೀತಗಾಳಿ ಇತ್ತು. ಹಿಮಕುಸಿತ ಇತ್ತು. ಬಿಸಿಗಾಳಿ ಇರಲಿಲ್ಲ. ಸುನಾಮಿ ಇತ್ತು ನೋಡಿ! ದುರ್ಗದಬೈಲಿಗೆ ಸುನಾಮಿ ಬಂದಿದ್ದರೆ ಅಜ್ಜಿಯ ಪರಿಹಾರದ ಕಾಗದಪತ್ರ ಸಲೀಸಾಗಿ ಮುಂದೆ ಹೋಗುತ್ತಿತ್ತು. ಬರೀ ಬಿಸಿಲು ಅಂದಿದ್ದರೆ ಟೇಬಲ್ಲಿನ ಆಚೆ ಕೂತವರು ಫ್ಯಾನ್ ಜೋರು ಮಾಡಿಕೊಂಡು ‘ಅದು ಪ್ರತಿ ವರ್ಷ ಇರೋದೇ ಅಲ್ವಾ’ ಎನ್ನಬಹುದಿತ್ತು.

ಅಷ್ಟರಲ್ಲಿ ಆಟೋ ನಿಂತಿತು. ಡ್ರೈವರ್ ಇಳಿದು ಬಂದು ಅಜ್ಜಿಯ ಛತ್ರಿಯೊಳಗೆ ತಲೆ ತೂರಿಸಿದ. ಅಜ್ಜಿ ಬುಟ್ಟಿ ಸರಿಸಿ ಜಾಗ ಕೊಟ್ಟಳು. ‘ನೀರು ಜಾಸ್ತಿ ಕುಡಿಯಿರಿ’ ಎಂದು ಮೈಕ್ ಇನ್ನೂ ಕೂಗುತ್ತಲೇ ಇತ್ತು. ಅವನ ಕಣ್ಣು ಪಕ್ಕದಲ್ಲಿದ್ದ ಅರ್ಧ ಬಾಟಲಿ ನೀರಿನ ಮೇಲೆ ಬಿತ್ತು.

‘ಯವ್ವಾ, ಒಂದು ಗುಟುಕು...’

‘ಎರಡ ಗುಟುಕ ಕುಡಿ,’ ಅಂದಳು ಅಜ್ಜಿ. ‘ಉಳದದ್ದು ಕೊತಂಬ್ರಿದು.’